ವೀಲುನಾಮೆ ಅಂತ ಹೇಳಿ ಬೇರೆ ಪತ್ರಕ್ಕೆ ಸಹಿ: ಕಾಸರಗೋಡಿನ ಕನ್ನಡದವರು ದಯವಿಟ್ಟು ಓದಿ

ಕಾಸರಗೋಡು, ಮಂಜೇಶ್ವರ ತಾಲೂಕಿನ ಕನ್ನಡದ ಮನೆಗಳಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದರೆ, ಅವರ ಹೆಸರಲ್ಲಿ ತೋಟವೋ ಮನೆಯೋ ಇದ್ದರೆ, ಇದನ್ನು ಪೂರ್ತಿ ಓದಿ. ನಮ್ಮ ಅಪ್ಪನಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಅಪ್ಪನಿಗೆ ಎಂಬತ್ತರ ಹತ್ತಿರ. ಬದಿಯಡ್ಕದಿಂದ ಒಳಗೆ ನಮ್ಮ ಮನೆ, ಅಡಿಕೆ ತೋಟ. ನಾವು ಮೂವರು ಮಕ್ಕಳು. ಅಣ್ಣ ಬೆಂಗಳೂರಿನಲ್ಲಿದ್ದಾನೆ, ನನ್ನನ್ನು ಪುತ್ತೂರಿಗೆ ಕೊಟ್ಟಿದ್ದಾರೆ, ತಮ್ಮ ಊರಲ್ಲೇ ಇದ್ದಾನೆ. ಅಪ್ಪನ ಮನಸ್ಸಿನಲ್ಲಿದ್ದದ್ದು ಇಷ್ಟೇ. ತಾನು ಹೋದ ಮೇಲೆ ಅಮ್ಮ ಬದುಕಿರುವಷ್ಟು ದಿನ ತೋಟದ ಉತ್ಪತ್ತಿ ಅವಳಿಗೆ ಬರಬೇಕು. ಅವಳ ನಂತರ ಮನೆ ತಮ್ಮನಿಗೆ, ತೋಟ ಮೂವರಿಗೂ ಸಮ. ಊಟಕ್ಕೆ ಕೂತಾಗ ನಮ್ಮೆಲ್ಲರ ಎದುರು ಎಷ್ಟೋ ಸಲ ಇದನ್ನು ಹೇಳಿದ್ದರು. ಯಾರೂ ಬೇಡ ಅಂದಿರಲಿಲ್ಲ. ಒಂದು ವೀಲುನಾಮೆ ಮಾಡಿಸಿ ಇಡುವುದು ಅಂತ ಆಯಿತು.

ವಕೀಲರನ್ನು ಹುಡುಕಿದ್ದು ತಮ್ಮ. ಫೀಸು ಕೊಟ್ಟದ್ದೂ ಅವನೇ. ಮಾತುಕತೆಯ ಹೊತ್ತಿಗೆ ಅಪ್ಪನ ಪಕ್ಕದಲ್ಲಿ ಕೂತದ್ದೂ ಅವನೇ. ಅಪ್ಪ ಹೇಳಿದ್ದನ್ನೆಲ್ಲ ವಕೀಲರು ಕೇಳಿಸಿಕೊಂಡರಂತೆ. ಆಮೇಲೆ, "ಸುಮ್ನೆ ವೀಲುನಾಮೆ ಬರೆದಿಟ್ಟರೆ ಮುಂದೆ ತಕರಾರು ಬರುತ್ತದೆ, ರಿಜಿಸ್ಟ್ರಿ ಮಾಡಿಸಿದರೆ ಗಟ್ಟಿ" ಅಂದರಂತೆ. ವೀಲುನಾಮೆಯನ್ನೇ ರಿಜಿಸ್ಟ್ರಿ ಮಾಡಿಸುತ್ತಾರೆ ಅಂತ ಅಪ್ಪ ತಿಳಿದರು. ಯಾರಾದರೂ ಹಾಗೇ ತಿಳಿಯುತ್ತಾರೆ ಅಲ್ವಾ? ವೀಲುನಾಮೆಯನ್ನೂ ರಿಜಿಸ್ಟ್ರಿ ಮಾಡಿಸಲು ಆಗುತ್ತದೆ.

ತಯಾರಾಗಿ ಬಂದ ಪತ್ರ ಮಲಯಾಳದಲ್ಲಿತ್ತು. ಅಪ್ಪ ಕಲಿತದ್ದು ಕನ್ನಡ ಶಾಲೆಯಲ್ಲಿ. ಮಲಯಾಳ ಚೆನ್ನಾಗಿ ಮಾತಾಡುತ್ತಾರೆ, ಬಸ್ಸಿನ ಬೋರ್ಡು ಓದುತ್ತಾರೆ. ಪುಟಗಟ್ಟಲೆ ಕಾನೂನಿನ ಮಲಯಾಳ ಓದಲು ಅವರಿಂದ ಆಗುವುದಿಲ್ಲ. "ನೀವು ಹೇಳಿದ ಹಾಗೇ ಬರೆದಿದೆ" ಅಂತ ಗುಮಾಸ್ತ ಹೇಳಿದ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ನಿಮ್ಮದೇ ತಾನೇ, ಒಪ್ಪಿಗೆ ಇದೆ ತಾನೇ ಅಂತ ಕೇಳಿದರು. ಅಪ್ಪ ಹೌದು ಅಂದರು. ಬೆರಳಚ್ಚು ತೆಗೆದರು. ಕೆಲಸ ಮುಗಿಯಿತು.

ವಿಷಯ ಗೊತ್ತಾದದ್ದು ಬೆಳೆ ಸಾಲದ ಸಮಯದಲ್ಲಿ. ಸಹಕಾರಿ ಬ್ಯಾಂಕಿನವರು ಹೊಸ ತೀರ್ವೆ (ಜಾಗದ ಕಂದಾಯ) ರಶೀದಿ ಕೇಳಿದರು. ವಿಲೇಜ್ ಆಫೀಸಿಗೆ ಹೋದರೆ ಜಾಗ ಅಪ್ಪನ ಹೆಸರಿನಲ್ಲಿ ಇರಲೇ ಇಲ್ಲ. ಪೋಕ್ಕುವರವು, ಅಂದರೆ ಖಾತೆ ಬದಲಾವಣೆ ಆಗಿ, ಎಲ್ಲ ತಮ್ಮನ ಹೆಸರಿಗೆ ಹೋಗಿತ್ತು. ನಾನು ಪತ್ರದ ನಕಲು ತೆಗೆಸಿ, ಮಲಯಾಳ ಮಾಧ್ಯಮದ ಒಬ್ಬರು ಟೀಚರಿಂದ ಸಾಲು ಸಾಲಾಗಿ ಓದಿಸಿದೆ. ಅದು ಧನನಿಶ್ಚಯ ಆಧಾರ, ಅಂದರೆ ಬದುಕಿರುವಾಗಲೇ ಆಸ್ತಿಯನ್ನು ಬರೆದುಕೊಡುವ ಸೆಟ್ಲ್‌ಮೆಂಟ್ ಪತ್ರ. ಮನೆ, ತೋಟ ಎರಡೂ ಸಹಿ ಹಾಕಿದ ದಿನದಿಂದಲೇ ತಮ್ಮನಿಗೆ. ಅಮ್ಮನಿಗೆ ಮನೆಯಲ್ಲಿ ವಾಸ ಮಾಡುವ ಹಕ್ಕು ಅಂತ ಒಂದು ಸಾಲು. ತೋಟದ ಉತ್ಪತ್ತಿಯ ಮಾತೇ ಇಲ್ಲ. ಅಣ್ಣನ ಹೆಸರು, ನನ್ನ ಹೆಸರು ಎಲ್ಲೂ ಇಲ್ಲ.

ನನ್ನ ಪಾಲು ಹೋಯಿತು ಅಂತ ನಾನು ಇದನ್ನು ಬರೆಯುತ್ತಿಲ್ಲ. ಜೀವಮಾನವಿಡೀ ಆ ತೋಟದಲ್ಲಿ ದುಡಿದ ಅಮ್ಮ ಈಗ ಮಾತ್ರೆಗೆ ದುಡ್ಡು ಬೇಕಾದರೆ ಮಗನನ್ನು ಕೇಳಬೇಕು. ಅಪ್ಪ ತೋಟಕ್ಕೆ ಇಳಿಯುವುದನ್ನೇ ಬಿಟ್ಟಿದ್ದಾರೆ. ಕರೆದರೆ, "ಅದು ನನ್ನದಲ್ಲವಲ್ಲ ಮಗಾ" ಅನ್ನುತ್ತಾರೆ. "ನಾನು ನೋಡಿಕೊಳ್ಳುತ್ತೇನಲ್ಲ" ಅಂತ ತಮ್ಮ ಹೇಳುತ್ತಾನೆ. ನೋಡಿಕೊಳ್ಳಲೂಬಹುದು. ಆದರೆ ಅಪ್ಪ ಬಯಸಿದ್ದು ಅಮ್ಮ ಯಾರನ್ನೂ ಕೇಳದೆ ಬದುಕಬೇಕು ಅಂತ.

ಈ ಎರಡು ಪತ್ರಗಳ ವ್ಯತ್ಯಾಸವನ್ನು ಪ್ರತಿ ಮನೆಯವರೂ ತಿಳಿದಿರಬೇಕು. ವೀಲುನಾಮೆ ಜಾರಿಗೆ ಬರುವುದು ಬರೆದವರು ತೀರಿಕೊಂಡ ಮೇಲೆ. ಅಲ್ಲಿಯವರೆಗೆ ಆಸ್ತಿ ಅವರದೇ. ಮನಸ್ಸು ಬದಲಾದರೆ ಹರಿದು ಹಾಕಿ ಹೊಸದು ಬರೆಯಬಹುದು. ಸೆಟ್ಲ್‌ಮೆಂಟ್ ಅಥವಾ ದಾನಪತ್ರ ಹಾಗಲ್ಲ. ರಿಜಿಸ್ಟ್ರಿ ಆಗಿ ಕೈ ಸೇರಿದ ಮೇಲೆ ಕೊಟ್ಟವರು ತಮ್ಮಷ್ಟಕ್ಕೆ ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ.

ವೀಲುನಾಮೆಗೆ ಸ್ಟ್ಯಾಂಪ್ ಪೇಪರ್ ಬೇಡ. ರಿಜಿಸ್ಟ್ರಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. 1925ರ ಉತ್ತರಾಧಿಕಾರ ಕಾನೂನಿನ ಪ್ರಕಾರ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಮುಂದೆ ತಕರಾರು ಬಂದರೆ ಅವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕಾಗುತ್ತದೆ. ಹಾಗಾಗಿ ಅಪ್ಪನ ಓರಗೆಯವರನ್ನು ಕರೆಯಬೇಡಿ, ಚಿಕ್ಕ ವಯಸ್ಸಿನವರನ್ನು ಕರೆಯಿರಿ. ಭಾಷೆ ಯಾವುದಾದರೂ ಆಗುತ್ತದೆ. ಕನ್ನಡದಲ್ಲೇ ಬರೆಸಿ, ಹಿರಿಯರೇ ಓದಿ ಸಹಿ ಹಾಕಲಿ.

ವಕೀಲರ ಬಗ್ಗೆ ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ಆಸ್ತಿ ಅಪ್ಪನದು, ಸಹಿ ಅಪ್ಪನದು. ಹಾಗಿದ್ದ ಮೇಲೆ ಅಪ್ಪನನ್ನು ಒಬ್ಬರನ್ನೇ ಕೂರಿಸಿಕೊಂಡು, "ಇವತ್ತಿನಿಂದ ಇದು ನಿಮ್ಮದಲ್ಲ, ಗೊತ್ತಿದೆಯಾ?" ಅಂತ ಒಂದು ಮಾತು ಕೇಳಬೇಕಿತ್ತು. ಆ ಒಂದು ಮಾತು ಸಾಕಿತ್ತು. ಆಸ್ತಿ ಸಿಗುವವರೇ ಮುಂದೆ ನಿಂತು ಪತ್ರ ಮಾಡಿಸಿದರೆ ಕೋರ್ಟು ಅದನ್ನು ಸಂಶಯದಿಂದ ನೋಡಬೇಕು ಅಂತ ಸುಪ್ರೀಂ ಕೋರ್ಟು 1959ರಲ್ಲೇ, ಮೈಸೂರಿನಿಂದ ಹೋದ ಒಂದು ವೀಲುನಾಮೆಯ ಕೇಸಿನಲ್ಲಿ ಹೇಳಿದೆ. ವಕೀಲರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ನಿಮ್ಮ ಮನೆಯಲ್ಲಿ ಯಾರಿಗೆ ಜಾಸ್ತಿ ಪಾಲು ಬರುತ್ತದೋ ಅವರು ವಕೀಲರನ್ನು ಆರಿಸಬಾರದು, ಫೀಸೂ ಕೊಡಬಾರದು. ಹಿರಿಯರ ಕೈಯಿಂದಲೇ ಕೊಡಿಸಿ. ಮಾತಾಡುವಾಗ ಮಕ್ಕಳೆಲ್ಲ ಹೊರಗೆ ಕೂರಲಿ, ನಾನೂ ಸೇರಿ.

ಮಂಗಳೂರಿನ ನೆಂಟರು, "ಹಿರಿಯರ ಆಸ್ತಿಯಾದರೆ ಹುಟ್ಟಿದಾಗಲೇ ಮಕ್ಕಳಿಗೆ ಹಕ್ಕಿದೆ, ಅದರ ಮೇಲೆ ಕೇಸು ಹಾಕಿ" ಅಂದರು. ಗಡಿಯ ಈಚೆ ಅದು ಅಷ್ಟು ಸುಲಭವಲ್ಲ. 1976ರ ಡಿಸೆಂಬರ್ 1ರಿಂದ ಕೇರಳದಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನೇ, ಅದರ ಜೊತೆ ಹುಟ್ಟಿನಿಂದ ಬರುವ ಆ ಹಕ್ಕನ್ನೂ ರದ್ದು ಮಾಡಿದ ಕಾನೂನು ಇದೆ. 2025ರಲ್ಲಿ ಕೇರಳ ಹೈಕೋರ್ಟು ಹೆಣ್ಣುಮಕ್ಕಳ ಹಕ್ಕಿನ ವಿಷಯದಲ್ಲಿ ಆ ಕಾನೂನಿನ ಕೆಲವು ಭಾಗ ನಿಲ್ಲುವುದಿಲ್ಲ ಅಂತ ತೀರ್ಪು ಕೊಟ್ಟಿದೆ. ಜಾಗ ಕೇರಳದಲ್ಲಿದ್ದರೆ ಕೇರಳದ ಕಾನೂನು ಬಲ್ಲ ವಕೀಲರನ್ನೇ ಕೇಳಿ.

ಈಗ ಅಪ್ಪ ಪತ್ರ ರದ್ದು ಮಾಡಲು ಕೋರ್ಟಿಗೆ ಹೋಗಿದ್ದಾರೆ. ಹಿರಿಯ ನಾಗರಿಕರ 2007ರ ಕಾನೂನಿನ ಪ್ರಕಾರ ಟ್ರಿಬ್ಯೂನಲ್‌ಗೂ ಅರ್ಜಿ ಕೊಟ್ಟಿದ್ದೇವೆ. ಅದರ 23ನೇ ಕಲಂನಲ್ಲಿ, ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದೇ ಹೋದರೆ ವಾಪಸ್ ಕೊಡಿಸಬಹುದು ಅಂತ ಇದೆ. ನಮ್ಮ ಪತ್ರದಲ್ಲಿ ಅಂಥ ಷರತ್ತೇ ಇಲ್ಲ. ಷರತ್ತು ಇರಲೇಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ ಈ ಕಾನೂನನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಅಂದಿದೆ. ನಮ್ಮ ನಂಬಿಕೆ ಅದರ ಮೇಲೆ. ಬದುಕಿರುವಾಗಲೇ ಮಕ್ಕಳಿಗೆ ಕೊಡಬೇಕು ಅಂತ ಯಾರಾದರೂ ನಿಜವಾಗಿ ಬಯಸಿದರೆ, ಆ ಷರತ್ತನ್ನು ಸ್ಪಷ್ಟವಾಗಿ ಬರೆಸಿ. ಉತ್ಪತ್ತಿ ಯಾರಿಗೆ ಅನ್ನುವುದನ್ನೂ ಬರೆಸಿ.

ನಿಮ್ಮ ಮನೆಯ ಹಿರಿಯರು ಈಗಾಗಲೇ ಏನಾದರೂ ಪತ್ರಕ್ಕೆ ಸಹಿ ಹಾಕಿದ್ದಾರೆ, ಅದರಲ್ಲಿ ಏನಿದೆ ಅಂತ ಸರಿಯಾಗಿ ಗೊತ್ತಿಲ್ಲ ಅಂತಾದರೆ ತಡ ಮಾಡಬೇಡಿ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಫೀಸು ಕಟ್ಟಿ ಕುಡಿಕ್ಕಡ ಸರ್ಟಿಫಿಕೇಟು (ಜಾಗದ ಮೇಲೆ ಆದ ರಿಜಿಸ್ಟ್ರಿಗಳನ್ನು ತೋರಿಸುವ ಇ.ಸಿ.) ಮತ್ತು ಪತ್ರದ ನಕಲು ತೆಗೆಸಿ. ಆಸ್ತಿಯಲ್ಲಿ ಪಾಲಿಲ್ಲದ, ಮಲಯಾಳ ಬಲ್ಲ ಒಬ್ಬರಿಂದ ಹಿರಿಯರ ಎದುರೇ ಓದಿಸಿ. ಮೋಸ ಆಗಿದೆ ಅಂತ ಗೊತ್ತಾದರೆ ಪತ್ರ ರದ್ದು ಮಾಡಿಸಲು ದಾವೆ ಹೂಡುವುದಕ್ಕೆ ಇರುವುದು, ವಿಷಯ ತಿಳಿದ ದಿನದಿಂದ ಮೂರು ವರ್ಷ ಮಾತ್ರ.