300 ಚಿಪ್‌ಗಳ ಪೋಕರ್ ಸೆಟ್: ಚಿಪ್ ಚೆನ್ನ, ಎಲೆ ಬೇಡ

ಹಾಸನದ ಆಟಿಕೆ ಅಂಗಡಿಯಲ್ಲಿ ಸಿಗುವ ಈ ಪೆಟ್ಟಿಗೆ ಹೊಸದಾಗಿ ಟೆಕ್ಸಸ್ ಹೋಲ್ಡಮ್ ಎಂಬ ಪೋಕರ್ ಆಟ ಕಲಿಯುವ ಐದಾರು ಜನಕ್ಕೆ ಸಾಕು. ಚಿಪ್‌ಗಳು, ಅಂದರೆ ಪಣಕ್ಕಿಡುವ ಬಿಲ್ಲೆಗಳು, 11.5 ಗ್ರಾಂ ತೂಕದವು, ಕೈಗೆ ಗಟ್ಟಿಯಾಗಿ ಸಿಗುತ್ತವೆ, ಜೋಡಿಸಿದರೆ ಜಾರುವುದಿಲ್ಲ. ಬೆಲೆ ಮುದ್ರಿಸಿಲ್ಲ, ನೀವೇ ನಿಗದಿ ಮಾಡಬೇಕು: ಬಿಳಿ 1, ಕೆಂಪು 5, ಹಸಿರು 25. ಐವರಿದ್ದರೆ ತಲೆಗೆ 20 ಬಿಳಿ, 20 ಕೆಂಪು, 10 ಹಸಿರು ಹಂಚಿ; ಒಟ್ಟು 370 ಅಂಕ. ಬ್ಲೈಂಡ್ (ಎಲೆ ಹಂಚುವ ಮೊದಲೇ ಇಬ್ಬರು ಕಡ್ಡಾಯವಾಗಿ ಇಡುವ ಪಣ) 2 ಮತ್ತು 4 ಇಟ್ಟರೆ ಆಟಕ್ಕೆ ಉಸಿರಾಡಲು ಜಾಗವಿರುತ್ತದೆ. 50 ಕಪ್ಪು ಚಿಪ್ ಆಮೇಲಿನ ಚಿಲ್ಲರೆಗೆ.

ಎಲೆಗಳದ್ದೇ ದೊಡ್ಡ ತಕರಾರು. ಕಾಗದದ ಎಲೆ ಚಿಕ್ಕಮಗಳೂರಿನ ಮಳೆಗಾಲದ ತೇವ ಹೀರಿ ಉಬ್ಬುತ್ತದೆ, ಕಲೆಸುವಾಗ ಒಂದಕ್ಕೊಂದು ಅಂಟುತ್ತದೆ. ಮೂಲೆ ಮಡಚಿದ ಎಕ್ಕವನ್ನು ಹಿಂಬದಿಯಿಂದಲೇ ಗುರುತಿಸಬಹುದು. ಅಲ್ಲಿಗೆ ಆಟ ಕೆಟ್ಟಿತು. ಪೂರ್ತಿ ಪ್ಲಾಸ್ಟಿಕ್‌ನ 63×88 ಮಿಲಿಮೀಟರ್ ಕಟ್ಟು ಬೇರೆ ಕೊಳ್ಳಿ, ಜೋಕರ್ ತೆಗೆದಿಡಿ.

ನಿಯಮದ ಚೀಟಿಯಲ್ಲಿ ಕೈಗೆ ಎರಡೆಲೆ, ಮೇಜಿನ ಮೇಲೆ ಮೂರು, ಒಂದು, ಒಂದು ಎಂಬ ಕ್ರಮ ಸರಿಯಾಗಿದೆ. ಆದರೆ ಕಿಕ್ಕರ್, ಅಂದರೆ ಜೋಡಿ ಸಮವಾದಾಗ ಗೆಲುವು ನಿರ್ಧರಿಸುವ ಬಿಡಿ ಎಲೆ, ಇದರ ಬಗ್ಗೆ ಒಂದಕ್ಷರವಿಲ್ಲ, ಜಗಳ ಹುಟ್ಟುವುದೇ ಅಲ್ಲಿ. ಮೇಜಿನ ಮೇಲೆ ಬೆರಕೆ ಜಾತಿಯ (ಇಸ್ಪೀಟ್, ಆಟೀನ್ ಹೀಗೆ) ಎಕ್ಕ, 9, 6, 4, 2 ಇದೆ ಎನ್ನಿ. ಒಬ್ಬರ ಕೈಲಿ ಎಕ್ಕ-ರಾಜ, ಇನ್ನೊಬ್ಬರದು ಎಕ್ಕ-ಗುಲಾಮ. ಇಬ್ಬರದೂ ಎಕ್ಕದ ಜೋಡಿಯೇ, ಗೆಲ್ಲುವುದು ರಾಜ. ಫ್ಲಶ್ (ಒಂದೇ ಜಾತಿಯ ಐದೆಲೆ) ಸ್ಟ್ರೇಟ್‌ಗಿಂತ (ಸಾಲಾಗಿ ಬರುವ ಐದೆಲೆ) ಮೇಲು ಎನ್ನುವುದನ್ನೂ ಚೀಟಿಯ ಬೆನ್ನಿಗೆ ಬರೆದುಕೊಳ್ಳಿ.