ಪುಣೆಯೋ ಮುಂಬೈಯೋ? ಬೆಳಗಾವಿಯಿಂದ ಕುದುರೆ ರೇಸಿಗೆ

ಬೆಳಗಾವಿಯಿಂದ ಮೊದಲ ಸಲ ರೇಸ್ ನೋಡಲು ಹೊರಟಿದ್ದೀರಾ? ಪುಣೆಗೇ ಹೋಗಿ. ರಾತ್ರಿ ಬಸ್ ಹತ್ತಿದರೆ ಬೆಳಗ್ಗೆ ಅಲ್ಲಿರುತ್ತೀರಿ. ಮುಂಬೈ ಸೀಸನ್ ಮುಗಿದ ಮೇಲೆ ಕುದುರೆಗಳೂ ಮಳೆಗಾಲದ ಓಟಕ್ಕೆ ಅಲ್ಲಿಗೇ ಬರುತ್ತವೆ. ಓಟಕ್ಕೆ ಮುಂಚೆ ಪ್ಯಾಡಕ್‌ನಲ್ಲಿ, ಅಂದರೆ ಬೇಲಿ ಹಾಕಿದ ಅಂಗಳದಲ್ಲಿ, ಅವನ್ನು ಸುತ್ತು ಹಾಕಿಸುತ್ತಾರೆ. ಬೇಲಿ ಹತ್ತಿರ ನಿಂತು ನೋಡಿ. ಮಿರಿಮಿರಿ ಮೈ, ಅರಳುವ ಮೂಗಿನ ಹೊಳ್ಳೆ, ಕತ್ತಿನ ಮೇಲೆ ಉಬ್ಬಿದ ನರ. ಎಷ್ಟು ಚೆಂದ ಅಲ್ವಾ!

ಮುಂಬೈಯ ಮಹಾಲಕ್ಷ್ಮಿ ರೇಸ್‌ಕೋರ್ಸ್‌ನಲ್ಲಿ ಫೆಬ್ರವರಿಗೆ ಇಂಡಿಯನ್ ಡರ್ಬಿ ಅನ್ನೋ ದೊಡ್ಡ ಓಟ, 2,400 ಮೀಟರ್. ಸಡಗರ ಜಾಸ್ತಿ, ಜನವೂ ಜಾಸ್ತಿ. ಅದು ಎರಡನೇ ಸಲಕ್ಕಿರಲಿ.

ಸೀಸನ್ ನಡುವಿನ ಬಿಡುವಿನಲ್ಲಿ? ಜೂನ್‌ನಲ್ಲಿ ಇಂಗ್ಲೆಂಡಿನ ರಾಯಲ್ ಆಸ್ಕಾಟ್ ರೇಸ್, ಐದು ದಿನ. ಸಂಜೆ ಮನೆಯಲ್ಲೇ ನೋಡಬಹುದು. ನವೆಂಬರ್ ಮೊದಲ ಮಂಗಳವಾರ ಆಸ್ಟ್ರೇಲಿಯಾದ ಮೆಲ್ಬರ್ನ್ ಕಪ್ ಓಟ, 3,200 ಮೀಟರ್. ಆ ದಿನ ಮೆಲ್ಬರ್ನ್ ಊರಿಗೇ ರಜೆ. ಎರಡರಲ್ಲಿ ಒಂದೇ ಅಂದರೆ ನಾನು ಮೆಲ್ಬರ್ನ್ ಅನ್ನುತ್ತೇನೆ. ಅಷ್ಟು ಉದ್ದದ ಓಟದಲ್ಲಿ ಕೊನೆಯ ತಿರುವಿನವರೆಗೂ ಗೆಲ್ಲೋದು ಯಾರೆಂದು ಗೊತ್ತಾಗುವುದಿಲ್ಲ.