ಮೆಟ್ಟಿಲು ಇಳಿಸುವ ಇವ್ಯಾಕ್ಯುಯೇಷನ್ ಚೇರ್: ಮಹಡಿ ಮನೆಯಲ್ಲಿ ವೀಲ್‌ಚೇರ್ ಬಳಸುವವರಿದ್ದರೆ ಓದಿ

ನಮ್ಮಣ್ಣನಿಗೆ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಮನೆ ಬೆಂಗಳೂರಿನಲ್ಲಿ, ಆರನೇ ಮಹಡಿ. ಬೆಂಕಿ ಬಿದ್ದರೆ ಲಿಫ್ಟ್ ಬಳಸಬೇಡಿ ಅಂತ ಬೋರ್ಡ್ ಇದೆ, ಆದರೆ ಮೆಟ್ಟಿಲು ಇಳಿಯಲಾಗದವರು ಏನು ಮಾಡಬೇಕು ಅಂತ ಎಲ್ಲೂ ಬರೆದಿಲ್ಲ. ಅದಕ್ಕೇ ಇದನ್ನು ತರಿಸಿದೆವು.

ಚೇರ್ ನಿಜಕ್ಕೂ ಚೆನ್ನಾಗಿದೆ. ಮಡಚಿ ಗೋಡೆಗೆ ನೇತುಹಾಕಬಹುದು, ಮೋಟಾರ್, ಬ್ಯಾಟರಿ ಏನೂ ಇಲ್ಲ. ಹಿಂದಿನ ಎರಡು ರಬ್ಬರ್ ಬೆಲ್ಟ್‌ಗಳು ಮೆಟ್ಟಿಲ ಅಂಚನ್ನು ಹಿಡಿದುಕೊಂಡು ನಿಧಾನಕ್ಕೆ ಜಾರುತ್ತವೆ, ಕೂತವರ ಭಾರಕ್ಕೇ ವೇಗ ಹತೋಟಿಯಲ್ಲಿರುತ್ತದೆ, ಹಾಗಾಗಿ ಎತ್ತಿ ಹೊರುವ ಕೆಲಸವೇ ಇಲ್ಲ. ನಮ್ಮತ್ತಿಗೆ ಸಣ್ಣ ಆಳು, ಅವರೊಬ್ಬರೇ ಅಣ್ಣನನ್ನು ನೆಲಮಹಡಿ ತನಕ ಇಳಿಸಿದರು!

ಕಷ್ಟ ಇರುವುದು ಅದಕ್ಕೂ ಮುಂಚೆ. ಹಾಸಿಗೆಯಿಂದ ಚೇರಿಗೆ ಕೂರಿಸಲು ಇಬ್ಬರು ಬೇಕೇ ಬೇಕು. ಕಾಲು ಕಟ್ಟುವ ಪಟ್ಟಿ ಇದರ ಜೊತೆ ಬರಲಿಲ್ಲ, ಬೇರೆ ಕೊಂಡೆವು. ಸೀಟು ಬರೀ ಬಟ್ಟೆ. ಸ್ಪರ್ಶ ಗೊತ್ತಾಗದವರು ಅದರಲ್ಲಿ ಜಾಸ್ತಿ ಹೊತ್ತು ಕೂತರೆ ಹುಣ್ಣಾಗುತ್ತದೆ, ಆದ್ದರಿಂದ ಅವರ ಸ್ವಂತ ವೀಲ್‌ಚೇರ್, ಕುಶನ್, ಔಷಧಿ, ಕ್ಯಾತಿಟರ್ (ಮೂತ್ರ ಹೊರಹೋಗಲು ಹಾಕುವ ನಳಿಕೆ) ಇರುವ ಚೀಲ ಕೆಳಗೆ ತರುವವರು ಯಾರು ಅಂತ ಮೊದಲೇ ಗೊತ್ತಿರಬೇಕು. ಇದನ್ನೆಲ್ಲ ಮಾರುವವರು ಹೇಳುವುದಿಲ್ಲ. ನಮಗೆ ಮಾರಿದವರು ಲಾಬಿಯ ಸಮತಟ್ಟು ನೆಲದ ಮೇಲೆ ತಳ್ಳಿ ತೋರಿಸಿ ಹೊರಟೇಬಿಟ್ಟಿದ್ದರು, ಮೆಟ್ಟಿಲ ಮೇಲೆ ಕಲಿಸಿದ ಮೇಲೇ ಬಾಕಿ ದುಡ್ಡು ಅಂದಾಗ ವಾಪಸ್ ಬಂದರು. ನೀವೂ ಹಾಗೇ ಕೇಳಿ.

ಜಾನ್ ಅಬ್ರುಝೋ ಅನ್ನುವವರ ವಿಷಯ ಕೇಳಿರಬಹುದು. ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್‌ನ 69ನೇ ಮಹಡಿಯಲ್ಲಿ ಅವರ ಆಫೀಸು ಇತ್ತು, ಓಡಾಟವೆಲ್ಲ ವೀಲ್‌ಚೇರಿನಲ್ಲಿ. 1993ರಲ್ಲಿ ಬಾಂಬ್ ಸ್ಫೋಟವಾದಾಗ ಅವರು ಕೆಳಗೆ ಬರಲು ಆರು ಗಂಟೆ ಹಿಡಿದಿತ್ತಂತೆ. ಆಮೇಲೆ ಅಲ್ಲಿಗೆ ಇಂಥ ಚೇರ್ ಬಂತು. 2001ರಲ್ಲಿ ವಿಮಾನ ದಾಳಿಯಾದಾಗ ಹತ್ತು ಜನ ಸಹೋದ್ಯೋಗಿಗಳು ಸೇರಿ ಅವರನ್ನು ಅದರಲ್ಲಿ ಸುಮಾರು ಒಂದೂವರೆ ಗಂಟೆಯಲ್ಲಿ ಇಳಿಸಿದರು. ಚೇರ್ ಇತ್ತು ನಿಜ, ಆದರೆ ಬಿಟ್ಟು ಹೋಗದ ಹತ್ತು ಜನರೂ ಇದ್ದರು ಅಲ್ವಾ? ನಮ್ಮಲ್ಲಿ ಈಗ ಪಕ್ಕದ ಮನೆಯವರು, ಕೆಲಸದ ಅಕ್ಕ, ರಾತ್ರಿ ಪಾಳಿ ವಾಚ್‌ಮನ್ ಎಲ್ಲರೂ ಕಲಿತಿದ್ದಾರೆ. ವಾಚ್‌ಮನ್ ಬದಲಾದಾಗಲೆಲ್ಲ ಮತ್ತೆ ಕಲಿಸಬೇಕು. ಯಾರಿಗೆ ಮೊದಲು ಫೋನ್, ಯಾರು ಬಾಗಿಲ ಕೀ ಇಟ್ಟುಕೊಂಡಿದ್ದಾರೆ ಅನ್ನುವುದನ್ನು ಅಣ್ಣನೇ ಕೂತು ಬರೆಸಿದ. ಅವನ ಮೈ ಅವನಿಗೇ ತಾನೇ ಚೆನ್ನಾಗಿ ಗೊತ್ತಿರುವುದು, ಎಲ್ಲಿ ಹಿಡಿಯಬೇಕು, ಎಲ್ಲಿ ಹಿಡಿಯಬಾರದು ಅಂತ.

ಬೆಂಕಿಗೆ ಮಾತ್ರ ಅಲ್ಲ. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು ಕಡೆ ಬೇಸ್‌ಮೆಂಟಿಗೆ ನೀರು ನುಗ್ಗಿ ಕರೆಂಟೇ ಹೋಗಿತ್ತಲ್ಲ, ಅಂಥ ಹೊತ್ತಿಗೂ ಬೇಕು. ಆದರೆ ನಮ್ಮ ಮಾಡೆಲ್ ಇಳಿಸುತ್ತದೆ ಅಷ್ಟೇ, ಮೇಲೆ ಹತ್ತಿಸುವುದಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕೊಳ್ಳುವ ಮುಂಚೆ ಮೆಟ್ಟಿಲು ತಿರುಗುವ ಜಾಗದ ಅಗಲ ಅಳೆಯಿರಿ, ಅಲ್ಲಿರುವ ಶೂ ರ‍್ಯಾಕ್, ಸೈಕಲ್ ತೆಗೆಸಿ. ಸುರುಳಿ ಮೆಟ್ಟಿಲಿಗೆ ಇದು ಬೇಡ. ಕತ್ತು ನಿಲ್ಲದವರಿಗಾದರೆ ತಲೆಗೆ ಪಟ್ಟಿ ಇರುವ ಮಾಡೆಲ್ಲೇ ತೆಗೆದುಕೊಳ್ಳಿ, ಅದೂ ಅವರನ್ನೇ ಕೂರಿಸಿ ನೋಡಿದ ಮೇಲೆ.